ಮೂರು ಹೂಂ

"ಐತಾರ ಯಾಕ ಬರಲಿಲ್ರಿ ಅಣ್ಣಾರ?"

ಬಾಗಿಲಲ್ಲಿ ನಿಂತ ಹೆಂಗಸು ಯಾರೆಂದು ಗೋವಿಂದರಾಜನಿಗೆ ತಟ್ಟನೆ ಹೊಳೆಯಲಿಲ್ಲ. ಬೀಜಕ್ಕೆ ಬಂದ ಯಾವುದೋ ರೈತರ ಮನೆಯವಳಿರಬೇಕು ಎಂದುಕೊಂಡ. ಅವಳ ಕಂಕುಳಲ್ಲಿ ಯಲಬುರ್ಗಾ ಶಾಖೆಯ ಸ್ಟಾಕ್ ಪುಸ್ತಕ ಕಂಡ ಮೇಲೆ ಗಡಬಡಿಸಿ ಎದ್ದು ಕುರ್ಚಿ ಎಳೆದುಕೊಟ್ಟ. ಯಮನೂರಮ್ಮ. ಮೂರು ವರ್ಷದಿಂದ ಕಂಪ್ಯೂಟರಿನಲ್ಲಿ ದಿನವೂ ಮಾತಾಡುವ ಯಮನೂರಮ್ಮ. ಮುಖ ಕಂಡದ್ದು ಮಾತ್ರ ಎರಡೇ ಸಲ.

ಭಾನುವಾರ ತಾನು ಎಲ್ಲಿಗೆ ಹೋಗಬೇಕಿತ್ತು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ಬಾಯಿ ಬರಲಿಲ್ಲ. ಕೂತಿರಿ, ಒಂದು ನಿಮಿಷ, ಎಂದು ಏನೋ ತುರ್ತು ಕೆಲಸವಿದ್ದವನ ಹಾಗೆ ಕಂಪ್ಯೂಟರಿನ ಕಡೆ ತಿರುಗಿ, ಅವಳು ಬರೆದ ಹಳೆಯ ಸಾಲುಗಳನ್ನು ಹುಡುಕತೊಡಗಿದ.

ಅವರದು ಬೀಜ ಮಾರುವ ಕಂಪನಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ನಾಲ್ಕು ಶಾಖೆ, ಒಂದೊಂದಕ್ಕೆ ಒಬ್ಬೊಬ್ಬ ಗುಮಾಸ್ತ, ಒಂದೊಂದು ಕಂಪ್ಯೂಟರು. ಮಾಲೀಕರು 2005ರಲ್ಲಿ ನಾಲ್ಕಕ್ಕೂ ಒಂದು ಚಾಟ್ ಪ್ರೋಗ್ರಾಂ ಹಾಕಿಸಿದ್ದರು. ಒಬ್ಬರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿದರೆ ನಾಲ್ವರಿಗೂ ಕಾಣುತ್ತಿತ್ತು. ಉಳಿದವರು ಅದನ್ನು ಇದ್ದ ಹಾಗೆ ಬಳಸಿಕೊಂಡಿದ್ದರೆ, ಕೊಪ್ಪಳದ ಗೋವಿಂದರಾಜ ಮಾತ್ರ ಅದರ ಬೆನ್ನು ಹತ್ತಿದ. ಕುಷ್ಟಗಿಯ ಪ್ರಭುರಾಜನ ಮಾತಿಗೆ ನೀಲಿ ಬಣ್ಣ, ಗಂಗಾವತಿಯ ಕೊಟ್ರಪ್ಪನ ಮಾತಿಗೆ ಹಸಿರು, ಮಾಲೀಕರು ಬಂದರೆ ಸೈಕಲ್ ಬೆಲ್ಲಿನ ಸದ್ದು. ರಜೆಯ ದಿನ ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿ ಹೋಗಿ ಅವರಿಬ್ಬರ ಕಂಪ್ಯೂಟರನ್ನೂ ಹಾಗೇ ಸಿಂಗರಿಸಿ ಬಂದಿದ್ದ. ಹೊಗಳಿದರೆ ಉಬ್ಬಿ ಹೋಗುವ ಮನುಷ್ಯ, ಅವರೂ ಹೊಗಳಿದ್ದರು.

ತೊಡಕೆಲ್ಲ ಯಮನೂರಮ್ಮನದು. ಮಧ್ಯಾಹ್ನ ಗಿರಾಕಿ ಕಡಿಮೆಯಾದರೆ ಸಾಕು, ಅವಳು ಬರೆಯಲು ಕೂರುತ್ತಿದ್ದಳು. ಗಂಡನನ್ನು ಬಿಟ್ಟು ಬಂದು ಯಲಬುರ್ಗಾದಲ್ಲಿ ತಾಯಿಯ ಜೊತೆ ಇದ್ದಳು. ಆರು ವರ್ಷದ ಮಗ ಒಂದು ವಾರ ಇವಳ ಹತ್ತಿರ, ಒಂದು ವಾರ ಕುಕನೂರಿನ ಗಂಡನ ಮನೆಯಲ್ಲಿ. ಅಪ್ಪನಿಲ್ಲ, ಒಡಹುಟ್ಟಿದವರಿಲ್ಲ. ಹಾಗಾಗಿ ಈ ಮೂವರನ್ನೂ ಅಣ್ಣಾರ ಎಂದೇ ಕರೆದು, ಮಗನ ಹಲ್ಲು ಬಿದ್ದದ್ದು, ಅತ್ತೆ ಚುಚ್ಚಿ ಮಾತಾಡಿದ್ದು ಎಲ್ಲವನ್ನೂ ಬರೆಯುವಳು. ನಡುನಡುವೆ ನಿಲ್ಲಿಸಿ, ಅದೀರೇನ್ರಿ ಎಂದು ಕೇಳುವಳು. ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರ ಮಾತು ಮುಂದೆ ಸಾಗುವುದಿಲ್ಲ, ಆ ಸೀಮೆಯಲ್ಲಿ ಅದು ಅಜ್ಜಿ ಕಥೆಯ ಕಾಲದಿಂದ ಬಂದ ರೂಢಿ.

ಯುಗಾದಿಯ ಮರುದಿನ ಗೋವಿಂದರಾಜ ಪ್ರೋಗ್ರಾಮಿನಲ್ಲಿ ಒಂದು ಹೊಸ ಜಾಗ ಕಂಡುಹಿಡಿದ. ಅಲ್ಲಿ ಏನು ಬರೆದಿಟ್ಟರೂ ಕಂಪ್ಯೂಟರು ತಾನೇ ಪಾಲಿಸುತ್ತಿತ್ತು. ಯಮನೂರಮ್ಮ ಬರೆದದ್ದರಲ್ಲಿ 'ಸ್ಟಾಕ್' ಎಂಬ ಪದವಿದ್ದರೆ ಕೆಂಪಗೆ ತೋರಿಸು. ಇಲ್ಲದಿದ್ದರೆ ತೋರಿಸಲೇಬೇಡ, ತುಸು ತಡೆದು 'ಹೂಂ' ಎಂದು ನೀನೇ ಕಳಿಸು. ಮೊದಲು 'ಹೌದೇನ್ರಿ' ಎಂದೂ 'ಆಮ್ಯಾಲೆ' ಎಂದೂ ಇಟ್ಟು ನೋಡಿದ, ಕೆಲವು ಕಡೆ ತಾಳ ತಪ್ಪಿತು. 'ಹೂಂ' ಮಾತ್ರ ಎಲ್ಲದಕ್ಕೂ ಹೊಂದಿತು. ಪ್ರಭುರಾಜ ಹೊಟ್ಟೆ ಹಿಡಿದುಕೊಂಡು ನಕ್ಕು, ನನಗೂ ಹಾಕಿಕೊಡು ಎಂದ. ವಯಸ್ಸಾದ ಕೊಟ್ರಪ್ಪನೂ ಬೇಡವೆನ್ನಲಿಲ್ಲ. ಅನುಮಾನ ಬರಬಾರದೆಂದು ಕೊಪ್ಪಳಕ್ಕೆ ಇಪ್ಪತ್ತು ಸೆಕೆಂಡು, ಕುಷ್ಟಗಿಗೆ ನಲವತ್ತು, ಗಂಗಾವತಿಗೆ ಒಂದು ನಿಮಿಷ ತಡ ಇಟ್ಟ. ಆ ಬರೀ ಹೂಂಗಳೂ ಮೂವರ ತೆರೆಯಲ್ಲಿ ಕಾಣದಂತೆ ಮಾಡಿದ. ಅವಳ ಮನಸ್ಸು ನೋಯಬಾರದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಿತ್ತನೆಯ ಗದ್ದಲ ಶುರುವಾದ ಮೇಲೆ ಅದನ್ನು ಮರೆತೇಬಿಟ್ಟ.

ಕಾಣದಂತೆ ಮಾಡಿದ್ದೆಲ್ಲ ಕಂಪ್ಯೂಟರಿನ ಹೊಟ್ಟೆಯಲ್ಲಿ ಹಾಗೇ ಇತ್ತು. ಶುಕ್ರವಾರ ಮಧ್ಯಾಹ್ನದ ಸಾಲುಗಳು ಈಗ ಸಿಕ್ಕವು. ಭಾನುವಾರ ಕುಕನೂರಿನಲ್ಲಿ ಹಿರಿಯರು ಕೂಡುತ್ತಾರೆ, ಮಗ ಯಾರ ಹತ್ತಿರ ಇರಬೇಕೆಂದು ತೀರ್ಮಾನವಾಗುತ್ತದೆ, ಅವರ ಕಡೆ ಹತ್ತು ಜನರಿರುತ್ತಾರೆ, ತನ್ನ ಕಡೆಯಿಂದ ಮಾತಾಡುವ ಗಂಡಸೊಬ್ಬನೂ ಇಲ್ಲ ಎಂದು ಬರೆದಿದ್ದಳು. ಕೊನೆಗೆ, "ಒಬ್ಬರರ ಬಂದು ನನ್ನ ಕಡೆ ಕುಂದ್ರತೀರೇನ್ರಿ ಅಣ್ಣಾರ?"

ಅದರ ಕೆಳಗೆ, ಕೊಪ್ಪಳ: ಹೂಂ. ಕುಷ್ಟಗಿ: ಹೂಂ. ಗಂಗಾವತಿ: ಹೂಂ.

"ಮೂರೂ ಮಂದಿ ಬರ್ತೀರೇನ್ರಿ? ನನಗ ಆನಿ ಬಲ ಬಂದಂಗಾತು."

ಮತ್ತೆ ಮೂರು ಹೂಂ.

ಗೋವಿಂದರಾಜನ ಹಿಂದೆ ಕೂತ ಯಮನೂರಮ್ಮ, ಸಿಟ್ಟಿಲ್ಲದೆ, ನಡೆದದ್ದನ್ನು ಹೇಳುತ್ತಿದ್ದಳು. ಹಿರಿಯರು ಮೂವರಿಗೆ ಜಾಗ ಬಿಟ್ಟು ಜಮಖಾನ ಹಾಸಿಸಿದ್ದರು. ಕೊಪ್ಪಳದ ಬಸ್ಸು ಬಂದಾಗಲೆಲ್ಲ ಇವಳು ಎದ್ದು ಹೋಗಿ ನೋಡಿ ಬಂದಳು. ಮಧ್ಯಾಹ್ನ ಒಂದು ಗಂಟೆಯವರೆಗೆ ಕಾದರು, ಗಂಡನ ಕಡೆಯವರು ಎಲ್ಲವ್ವಾ ನಿಮ್ಮ ಅಣ್ಣಗೋಳು ಎಂದು ನಕ್ಕರು. ಆಮೇಲೆ ಕಾಗದ ಬರೆದರು. ಹುಡುಗ ಇನ್ನು ಕುಕನೂರಿನಲ್ಲೇ ಇರತಕ್ಕದ್ದು, ತಾಯಿ ಅಮಾವಾಸ್ಯೆಗೊಮ್ಮೆ ಬಂದು ನೋಡಬಹುದು. ಅವಳೂ ಸಹಿ ಮಾಡಿದಳು.

"ಬಸ್ಸು ಸಿಗಲಿಲ್ಲೇನ್ರಿ?" ಎಂದು ಅವಳೇ ಕೇಳಿದಳು. ನೆಪವನ್ನೂ ಅವಳೇ ಹುಡುಕಿಕೊಡುತ್ತಿದ್ದಳು. ಅವನು ಹೌದೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ನಂಬುತ್ತಿದ್ದಳು. ಆದರೆ ಆ ಮುಖ ನೋಡುತ್ತ ಇನ್ನೊಂದು ಸುಳ್ಳು ಹೇಳುವುದು ಅವನಿಂದಾಗಲಿಲ್ಲ. ತಡವರಿಸುತ್ತ ಎಲ್ಲ ಹೇಳಿದ. ಅವಳಿಗೆ ಅರ್ಥವಾಗಲಿಲ್ಲ. ತೆರೆಯನ್ನು ಅವಳ ಕಡೆ ತಿರುಗಿಸಿ, ತಾನು ಬರೆದಿಟ್ಟಿದ್ದನ್ನು ತೋರಿಸಿದ.

ಅವಳು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಯಾವಾಗಿಂದ್ರಿ ಇದು?"

"ಉಗಾದಿಯಿಂದ."

ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ ಅವಳು ತಿಂಗಳು ಎಣಿಸಿದಳು. ಒಂದು ಕಡೆ ಹೆಬ್ಬೆರಳು ನಿಂತಿತು.

"ಹಂಗಾದ್ರ ನಮ್ಮವ್ವ ತೀರಿಕೊಂಡಿದ್ದೂ ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿರಲಿಲ್ಲ. ಮೇ ತಿಂಗಳಲ್ಲಿ ಯಲಬುರ್ಗಾ ಶಾಖೆ ಐದು ದಿನ ಮುಚ್ಚಿತ್ತು ಎಂಬುದಷ್ಟೇ ಗೊತ್ತಿತ್ತು. ಯಾಕೆಂದು ಮೂವರಲ್ಲಿ ಒಬ್ಬರೂ ಕೇಳಿರಲಿಲ್ಲ. ಆ ದಿನದ ಸಾಲುಗಳನ್ನು ತೆಗೆದು ನೋಡುವ ಧೈರ್ಯ ಗೋವಿಂದರಾಜನಿಗೆ ಆಗಲಿಲ್ಲ. ಅವುಗಳ ಕೆಳಗೆ ಏನಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ನಾಚಿಕೆಯಿಂದ, ಸಂಕಟದಿಂದ ಅವನ ಕಣ್ಣಲ್ಲಿ ನೀರು ಬಂತು.

"ನಡೀರಿ, ಈಗ ಕುಕನೂರಿಗೆ ಹೋಗೂಣು," ಎಂದು ಎದ್ದ. "ತಪ್ಪೆಲ್ಲಾ ನಂದು ಅಂತ ನಾ ಹೇಳ್ತೀನಿ ಅವರಿಗೆ."

"ನೀವು ಯಾರಂತ ಹೇಳ್ಲಿ?" ಎಂದಳು ಯಮನೂರಮ್ಮ. ದನಿ ಏರಲಿಲ್ಲ. "ನಿನಗ ಯಾರೂ ಇಲ್ಲ ಅಂದ್ರು ಅವರು. ಮೂರು ಮಂದಿ ಅದಾರ ಅಂತ ಎಲ್ಲಾರ ಮುಂದ ಹೇಳಿದ್ದೆ ನಾ."

ಅವಳು ಸ್ಟಾಕ್ ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟು, ಸಜ್ಜೆ ನಲವತ್ತು ಚೀಲ ಉಳಿದಿದೆ, ತೊಗರಿ ಮುಗಿದಿದೆ ಎಂದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದಳು. ಅವಳು ತೋರಿಸಿದಲ್ಲಿ ಅವನು ಸಹಿ ಮಾಡಿದ. ಶಾಯಿ ಆರಲೆಂದು ಅವಳು ಹಾಳೆಯ ಮೇಲೆ ಒಮ್ಮೆ ಊದಿ, ಪುಸ್ತಕ ಮುಚ್ಚಿದಳು.

"ಬರ್ತೀನ್ರಿ ಸರ್," ಎಂದಳು.

ಮೆಟ್ಟಿಲಿಳಿದು ರಸ್ತೆ ದಾಟಿ, ಪುಸ್ತಕವನ್ನು ಎದೆಗೆ ಅವುಚಿಕೊಂಡು, ಯಲಬುರ್ಗಾದ ಬಸ್ಸು ಬರುವ ಕಡೆಗೆ ಮುಖ ಮಾಡಿ ನಿಂತಳು.