ಚಿತ್ರ ಬರ್ತಿದೆಯಲ್ಲ

ಮಗಳಿಗೆ ನಾಲ್ಕು ವರ್ಷ. ಮನೆಯವರ ದನಿಯನ್ನು ಅನುಕರಿಸುವುದು ಅವಳ ಹೊಸ ಆಟ. ಅಜ್ಜಿಯ ಹಾಗೆ ಮೂಗಿನಲ್ಲಿ ಗೊಣಗುತ್ತಾಳೆ. ಚಿಕ್ಕಪ್ಪನ ಹಾಗೆ ಫೋನ್ ಹಿಡಿದು, "ಆಯ್ತು ಸರ್, ಆಯ್ತು ಸರ್" ಎನ್ನುತ್ತಾಳೆ. ನನ್ನ ಸರದಿ ಬಂದಾಗ ಏನೂ ಹೇಳದೆ ಒಂದು ನಿಟ್ಟುಸಿರು ಬಿಡುತ್ತಾಳೆ. ಎಲ್ಲರೂ ನಗುತ್ತಾರೆ. ನಾನೂ.

ಆ ಭಾನುವಾರ ಅತ್ತೆ ಬಟ್ಟೆ ಮಡಿಸುತ್ತ, "ಈಗ ನಿಮ್ಮಪ್ಪನ ಹಾಗೆ ಮಾತಾಡು ನೋಡೋಣ" ಎಂದರು.

ಮಗಳು ಬಾಯಿ ತೆರೆದಳು. ತೆರೆದೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ಮೊದಲು ನೀನು ಮಾಡಿ ತೋರಿಸು" ಎಂದಳು.

ನಾನು ಪ್ರಯತ್ನಿಸಿದೆ. ಅವನು ಆಡುತ್ತಿದ್ದ ಮಾತುಗಳೆಲ್ಲ ಪದಕ್ಕೆ ಪದ ನೆನಪಿಗೆ ಬಂದವು. ದನಿ ಬರಲಿಲ್ಲ. ತಲೆಯೊಳಗೆ ಅವನ ಮಾತುಗಳನ್ನು ನನ್ನದೇ ದನಿ ಒಪ್ಪಿಸುತ್ತಿತ್ತು, ಬಾಯಿಪಾಠ ಒಪ್ಪಿಸಿದ ಹಾಗೆ.

"ಒಲೆ ಮೇಲೆ ಹಾಲಿದೆ" ಎಂದು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ನನ್ನ ಗಂಡ ಚಿತ್ರಮಂದಿರದಲ್ಲಿ ಧ್ವನಿ ತಂತ್ರಜ್ಞನಾಗಿದ್ದ. ಹಾಲ್‌ನ ಹಿಂಗೋಡೆಯ ಸ್ಪೀಕರ್ ಸರಿಮಾಡಲು ಏಣಿ ಹತ್ತಿದವನು ಬಿದ್ದ. ಕಳೆದ ವರ್ಷ. ಜೇಬಿನಲ್ಲಿದ್ದ ಫೋನೂ ಅವನ ಜೊತೆಗೇ ಹೋಯಿತು. ದನಿ ಮುದ್ರಿಸಿ ಕಳಿಸುವ ಅಭ್ಯಾಸ ಅವನಿಗಿರಲಿಲ್ಲ. ಹೇಳುವುದಿದ್ದರೆ ಫೋನ್ ಮಾಡುತ್ತಿದ್ದ, ಇಲ್ಲವೇ ಮನೆಗೆ ಬಂದು ಹೇಳುತ್ತಿದ್ದ.

ಉಳಿದದ್ದು ಒಂದು ಹಾರ್ಡ್ ಡಿಸ್ಕ್. ಮಗಳು ಹುಟ್ಟಿದಾಗಿನಿಂದ ತೆಗೆದ ವೀಡಿಯೊಗಳೆಲ್ಲ ಅದರಲ್ಲಿವೆ. ಒಂದರಲ್ಲೂ ಅವನಿಲ್ಲ. ಕ್ಯಾಮೆರಾ ಯಾವಾಗಲೂ ಅವನ ಕೈಯಲ್ಲಿತ್ತು.

"ಒಂದ್ಸಲವಾದ್ರೂ ಅವನ ಕೈಯಿಂದ ಆ ಕ್ಯಾಮೆರಾ ಇಸ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು" ಎಂದು ಅತ್ತೆ ಆಗಾಗ ಚುಚ್ಚುತ್ತಾರೆ.

"ಕೊಡ್ತಿರಲಿಲ್ಲ ಅತ್ತೆ."

"ಅದೂ ನಿಜ ಬಿಡು. ಚಿಕ್ಕವನಿದ್ದಾಗ ಚಮಚಾನೂ ಬಿಟ್ಟುಕೊಡ್ತಿರಲಿಲ್ಲ."

ಅವನಿಲ್ಲದಿದ್ದರೂ ಅವನ ದನಿ ಅಲ್ಲಿರಬೇಕು. ಕ್ಯಾಮೆರಾ ಹಿಡಿದವನು ಸುಮ್ಮನಿರುವ ಜಾತಿಯಲ್ಲ. ಕೂರು, ನಗು, ಇತ್ತ ನೋಡು ಎಂದು ಬಾಯಿಗೆ ಬಿಡುವಿರುತ್ತಿರಲಿಲ್ಲ. ನಾನು ಬೀರುವಿನ ಸೀರೆಗಳ ನಡುವಿನಿಂದ ಡಿಸ್ಕ್ ತೆಗೆದೆ.

ಅದನ್ನು ಓಡಿಸುತ್ತಿದ್ದ ಹಳೆಯ ಪ್ಲೇಯರ್ ಈಗ ಮನೆಯಲ್ಲಿಲ್ಲ. ಅವನು ಹೋದ ಮೇಲೆ ಮೈದುನ, "ಅತ್ತಿಗೆ, ಆ ಕರಿ ಡಬ್ಬಗಳನ್ನ ನೋಡಿದಾಗೆಲ್ಲ ಅಮ್ಮ ಅಳ್ತಾಳೆ. ಯಾರಿಗಾದ್ರೂ ಕೊಟ್ಬಿಡ್ಲಾ" ಎಂದು ಕೇಳಿದ್ದ. ನಾನು ತಲೆಯಾಡಿಸಿದ್ದೆನಂತೆ. ಪ್ಲೇಯರ್, ಸ್ಪೀಕರ್, ತಂತಿ ಎಲ್ಲ ಹೋದವು. ತೆಗೆದುಕೊಂಡವರು ಊರು ಬಿಟ್ಟಿದ್ದಾರೆ.

ಡಿಸ್ಕನ್ನು ನೇರವಾಗಿ ಟೀವಿಗೇ ಸಿಕ್ಕಿಸಿದೆವು. ಮಗಳ ಮುಖ ಪರದೆಯ ತುಂಬ ಬಂತು. ಕೆಳಗೆ ಒಂದು ಸಾಲು: ಈ ಧ್ವನಿ ಮಾದರಿಗೆ ಬೆಂಬಲವಿಲ್ಲ.

"ಚಿತ್ರ ಬರ್ತಿದೆಯಲ್ಲ ಅತ್ತಿಗೆ" ಎಂದ ಮೈದುನ. "ಎಷ್ಟು ಚೆನ್ನಾಗಿ ಬರ್ತಿದೆ ನೋಡಿ."

ಮರುದಿನ ಕೆಲಸ ಮುಗಿಸಿ ಟೀವಿ, ಫ್ರಿಜ್ ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ಸಾಬೂನಿನಷ್ಟು ಗಾತ್ರದ ಪ್ಲೇಯರೊಂದನ್ನು ಅಂಗೈ ಮೇಲಿಟ್ಟು ತೋರಿಸಿದ. "ಇಡೀ ಜಗತ್ತೇ ಇದರೊಳಗಿದೆ ಮೇಡಂ."

"ಜಗತ್ತು ಬೇಡ. ನನ್ನ ಡಿಸ್ಕ್‌ನಲ್ಲಿರೋ ವೀಡಿಯೊ ಟೀವಿಯಲ್ಲಿ ಕೇಳಿಸ್ಬೇಕು."

"ಕಾಣಿಸ್ಬೇಕಾ?"

"ಕೇಳಿಸ್ಬೇಕು."

"ಎರಡೂ ಆಗುತ್ತೆ, ಯೋಚನೆ ಬಿಡಿ" ಎಂದ.

ಸಂಜೆ ಎಲ್ಲರೂ ಟೀವಿಯ ಮುಂದೆ ಕೂತೆವು. ಮಗಳು ಮೊದಲ ಹೆಜ್ಜೆ ಇಟ್ಟ ದಿನದ ವೀಡಿಯೊ ಹಾಕಿದೆ. ಇದೇ ಕೋಣೆ. ಪರದೆಯ ಮೇಲೆ ನಾನು ಅವಳ ಎರಡೂ ಕೈ ಹಿಡಿದು ನಿಂತಿದ್ದೇನೆ. ಗಾಳಿಗೆ ಕಿಟಕಿಯ ಬಾಗಿಲು ಬಡಿದ ಸದ್ದು ಕೇಳಿಸಿತು. ಧ್ವನಿ ಬಂತು ಎಂದು ಮೈದುನ ಹೆಬ್ಬೆರಳು ಎತ್ತಿದ.

"ಬೇಡ, ಇನ್ನೂ ಬೀಳ್ತಾಳೆ" ಎಂದೆ ನಾನು, ಪರದೆಯೊಳಗಿಂದ.

ನಿಶ್ಶಬ್ದ.

"ನೀನು ಹಿಡ್ಕೊಳ್ತೀಯಾ?"

ನಿಶ್ಶಬ್ದ. ಆಮೇಲೆ ನಾನು ನಕ್ಕೆ, ಯಾರೋ ಏನೋ ತಮಾಷೆ ಮಾಡಿದ ಹಾಗೆ. "ಹಾಗಾದ್ರೆ ಬಿಟ್ಟೆ ನೋಡು" ಎಂದೆ. ಕೈ ಬಿಟ್ಟೆ. ಮಗು ಕೇಕೆ ಹಾಕುತ್ತ ಕ್ಯಾಮೆರಾದತ್ತ ನಡೆದು ಬಂತು.

ಸೋಫಾದ ಮೇಲಿದ್ದ ಮಗಳು ಕೇಳಿದಳು, "ಅಮ್ಮ, ಅಲ್ಲಿ ಯಾರ ಹತ್ರ ಮಾತಾಡ್ತಿದೀಯ?"

"ಅಪ್ಪನ ಹತ್ರ."

"ಅಪ್ಪ ಯಾಕೆ ಮಾತಾಡ್ತಿಲ್ಲ? ನಿನ್ನ ಮೇಲೆ ಕೋಪಾನಾ?"

ನಾನು ಇನ್ನೊಂದು ವೀಡಿಯೊ ಹಾಕಿದೆ. ಇನ್ನೊಂದು. ಮತ್ತೊಂದು. ಎಲ್ಲದರಲ್ಲೂ ನಾನು ಪ್ರಶ್ನೆ ಕೇಳುತ್ತಿದ್ದೆ, ಕಾಯುತ್ತಿದ್ದೆ, ಉತ್ತರ ಸಿಕ್ಕವಳಂತೆ ತಲೆಯಾಡಿಸುತ್ತಿದ್ದೆ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಹೋದರು. "ಪ್ಲೇಯರ್ ಸರಿಯಾಗೇ ಇದೆ ಅತ್ತಿಗೆ" ಎಂದ ಮೈದುನ, ಮೆಲ್ಲಗೆ. "ಬಹುಶಃ ಅಣ್ಣ ಮಾತಾಡೇ ಇಲ್ವೇನೋ."

ಮರುದಿನ ಮತ್ತೆ ಅಂಗಡಿಗೆ ಹೋದೆ. ಅಂಗಡಿಯವನಿಗೂ ಅಷ್ಟೇ ಕಂಡದ್ದು. ಬೇರೊಂದು ಪ್ಲೇಯರ್ ಹಚ್ಚಿದ, ಅದನ್ನು ಕಿತ್ತು ಮತ್ತೊಂದು ಹಚ್ಚಿದ. ಗೋಡೆಯ ಮೇಲಿನ ದೊಡ್ಡ ಟೀವಿಯಲ್ಲಿ ನಾನು ನೈಟಿಯಲ್ಲಿ ನಿಂತು ಗಾಳಿಯೊಂದಿಗೆ ಮಾತಾಡುತ್ತಿದ್ದೆ. ಫ್ರಿಜ್ ನೋಡಲು ಬಂದಿದ್ದ ದಂಪತಿ ಇತ್ತ ತಿರುಗಿದರು.

"ಧ್ವನಿ ಗಂಟೆ ಹೊಡೆದ ಹಾಗಿದೆಯಲ್ಲ ಮೇಡಂ. ಇನ್ನೇನು ಬೇಕು?"

"ಇದರಲ್ಲಿ ಒಬ್ಬ ಗಂಡಸಿನ ದನಿ ಇರ್ಬೇಕು."

ಅವನು ಪರದೆಯನ್ನು ನೋಡಿದ, ನನ್ನನ್ನು ನೋಡಿದ. "ಇದರಲ್ಲಿ ಗಂಡಸೇ ಇಲ್ವಲ್ಲ."

ನಾನು ಕೌಂಟರಿನ ಅಂಚು ಹಿಡಿದುಕೊಂಡೆ. "ಇನ್ನೊಂದು ಹಾಕಿ. ಯಾವುದಾದ್ರೂ ಸರಿ. ಅಂಗಡಿಯಲ್ಲಿರೋದೆಲ್ಲ ಹಾಕಿ."

"ಮೇಡಂ, ಸ್ವಲ್ಪ ನೀರು ಕುಡೀರಿ."

ನೀರು ಕುಡಿದೆ. ನನ್ನ ನೆನಪಿನ ಮೇಲೇ ನನಗೆ ಅನುಮಾನ ಬಂದಿತ್ತು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು ನಾನು. ಪುರಾವೆಯಿಲ್ಲದೆ ಏನನ್ನೂ ಹೇಳಬಾರದು ಎಂದು ಕಲಿತವಳು. ಅವನು ಮಾತಾಡುತ್ತಿದ್ದ ಎನ್ನುವುದಕ್ಕೆ ನನ್ನ ಹತ್ತಿರ ಇದ್ದ ಪುರಾವೆ ಅವನ ಮಾತಿಗೆ ನಾನು ಕೊಟ್ಟ ಉತ್ತರಗಳು ಮಾತ್ರ.

ಮನೆಗೆ ಬಂದಾಗ ಮಗಳು ಸೋಫಾದ ಮೂಲೆಯಲ್ಲಿ ಮುದುಡಿಕೊಂಡು ಕಾರ್ಟೂನ್ ನೋಡುತ್ತಿದ್ದಳು. "ಮಧ್ಯೆ ಕೂತ್ಕೋ" ಎಂದೆ, ಯೋಚಿಸದೆ.

"ಯಾಕೆ?"

ಯಾಕೆಂದು ನನಗೂ ತಿಳಿಯಲಿಲ್ಲ. ಅದು ನನ್ನ ಮಾತಲ್ಲ, ಅವನದು. ವೀಡಿಯೊ ಹಾಕುವ ಮುಂಚೆ ಪ್ರತಿ ಸಲ ಹೇಳುತ್ತಿದ್ದ: ಮಧ್ಯೆ ಕೂತ್ಕೊಳ್ಳಿ, ಇಲ್ಲಾಂದ್ರೆ ನಾನು ಒಂದೇ ಕಿವಿಗೆ ಸಿಗ್ತೀನಿ.

ನಾನು ಹಿಂದೆ ತಿರುಗಿದೆ. ಸೋಫಾದ ಹಿಂದಿನ ಗೋಡೆಯಲ್ಲಿ, ಮೇಲೆ, ಎರಡು ಮೊಳೆಗಳು ಹಾಗೇ ಇದ್ದವು. ಅವುಗಳ ಕೆಳಗೆ, ಅವನ ಸ್ಪೀಕರ್‌ಗಳಿದ್ದ ಕಡೆ, ಸುಣ್ಣ ಮಾಸದ ಎರಡು ಚೌಕ.

ಅವನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಾರೆ. ಬಾಗಿಲಲ್ಲಿ ತಲೆ ತಗ್ಗಿಸಿಕೊಂಡೇ ಒಳಗೆ ಬರುವ ಮನುಷ್ಯ. ಅವನಿಗೆ ಫೋನ್ ಮಾಡಿ ಮೊಳೆಗಳ ವಿಷಯ ಹೇಳಿದೆ.

"ಅತ್ತಿಗೆ, ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ಅವನು ತನ್ನನ್ನ ಹಿಂದೆ ಹಾಕ್ಕೊಂಡಿದಾನೆ."

"ಅಂದ್ರೆ?"

"ಕಾಲರಿಗೆ ಒಂದು ಸಣ್ಣ ಮೈಕ್ ಸಿಕ್ಕಿಸ್ಕೊಳ್ತಿದ್ನಲ್ಲ, ಅದು ಅವನ ದನಿಗೆ. ಕ್ಯಾಮೆರಾ ಮೈಕ್ ನಿಮಗೆ. ಬೆಳಗಿನ ಆಟಕ್ಕೆ ಮುಂಚೆ ನಮ್ಮ ಹಾಲ್‌ನಲ್ಲಿ ಕೂತು ಎರಡನ್ನೂ ಸೇರಿಸ್ತಿದ್ದ. ನಿಮ್ಮಿಬ್ಬರನ್ನ ಮುಂದಿನ ಸ್ಪೀಕರಿಗೆ, ತನ್ನನ್ನ ಹಿಂದಿನದಕ್ಕೆ. ಮುಂದೆ ತನ್ನ ದನಿ ಸ್ವಲ್ಪ ಸೋರಿದ್ರೂ ಬಟ್ಟೆಯಿಂದ ಕಲೆ ತೆಗೆದ ಹಾಗೆ ತೆಗೀತಿದ್ದ. ಹುಚ್ಚಾ, ಮನೆ ವೀಡಿಯೊಗೆ ಯಾಕೋ ಇಷ್ಟು ಅಂದ್ರೆ, ನಾನು ನಿಂತಿದ್ದು ಕ್ಯಾಮೆರಾ ಹಿಂದೆ, ಮುಂದಿನಿಂದ ಕೇಳಿಸಿದ್ರೆ ಸುಳ್ಳಾಗುತ್ತೆ ಅಂತಿದ್ದ."

ನಾನು ತಂದ ಪ್ಲೇಯರ್, ಅಂಗಡಿಯಲ್ಲಿ ಹಚ್ಚಿ ನೋಡಿದವು, ಎಲ್ಲವೂ ಮುಂದಿನ ಸ್ಪೀಕರಿನ ದನಿಯನ್ನಷ್ಟೇ ಟೀವಿಗೆ ಕೊಡುತ್ತಿದ್ದವು. ಹಿಂದಿನದನ್ನು ಬಿಟ್ಟುಬಿಡುತ್ತಿದ್ದವು.

ಮರುದಿನ ಉದ್ದಣ್ಣ ನನ್ನ ಜೊತೆ ಅಂಗಡಿಗೆ ಬಂದ. ಎರಡು ಡಬ್ಬಗಳನ್ನು ಆರಿಸಿ ಮುಂದಿಟ್ಟ. ಒಂದು, ಹಿಂದಿನ ದನಿಯನ್ನೂ ಮುಂದಕ್ಕೆ ಎಳೆದು ಎಲ್ಲವನ್ನೂ ಟೀವಿಯಿಂದಲೇ ಕೇಳಿಸುವಂಥದ್ದು. ಇನ್ನೊಂದು ಹಳೆಯ ಮಾದರಿ, ದಪ್ಪನೆಯದು, ಹಿಂದಿನ ದನಿಗೆ ಬೇರೆಯೇ ತಂತಿ ಬೇಕು, ಬೇರೆಯೇ ಸ್ಪೀಕರ್ ಬೇಕು.

"ಮೊದಲನೇದು ತಗೊಳ್ಳಿ ಮೇಡಂ" ಎಂದ ಅಂಗಡಿಯವನು. "ಎರಡನೇದನ್ನ ಈಗ ಯಾರೂ ಕೇಳಲ್ಲ."

ಅತ್ತೆ ಬೆಳಿಗ್ಗೆ ಇದನ್ನೇ ಹೇಳಿದ್ದರು: "ಮುಂದಿಂದ ಬಂದ್ರೇನು, ಹಿಂದಿಂದ ಬಂದ್ರೇನು. ನನ್ನ ಮಗ ಮಾತಾಡಿದ್ರೆ ಸಾಕು."

ನಾನು ಎರಡರ ಮೇಲೂ ಕೈಯಿಟ್ಟುಕೊಂಡು ನಿಂತೆ. ದನಿ ಪರದೆಯಿಂದ ಬಂದರೆ ಮಗಳು ಪರದೆಯಲ್ಲಿ ಹುಡುಕುತ್ತಾಳೆ. ಅಲ್ಲಿ ನಾನಿದ್ದೇನೆ, ಅವಳಿದ್ದಾಳೆ, ಅವನಿಲ್ಲ. ಹಿಂದಿನಿಂದ ಬಂದರೆ ಹಿಂದೆ ನೋಡುತ್ತಾಳೆ. ಅಲ್ಲಿಯೂ ಇಲ್ಲ. ಆದರೆ ಅವನು ನಿಂತಿದ್ದದ್ದು ಅಲ್ಲಿ. ಅದಾದರೂ ನಿಜವಾಗಿರಲಿ.

ದಪ್ಪನೆಯದನ್ನು ಕೊಂಡೆ.

ಉದ್ದಣ್ಣ ಚಿತ್ರಮಂದಿರದ ಉಗ್ರಾಣದಿಂದ ಎರಡು ಹಳೆಯ ಸ್ಪೀಕರ್ ತಂದಿದ್ದ. ಏಣಿ ಬೇಕಾ ಎಂದು ಮೈದುನ ಕೇಳಿದ. ಉದ್ದಣ್ಣ ನೆಲದ ಮೇಲೆ ನಿಂತೇ ಕೈಚಾಚಿ ಅದೇ ಮೊಳೆಗಳಿಗೆ ನೇತುಹಾಕಿದ. "ಈ ಉದ್ದ ಒಮ್ಮೆಯಾದ್ರೂ ಉಪಯೋಗಕ್ಕೆ ಬಂತು" ಎಂದ. ಆಮೇಲೆ, ತಾನು ಆಚೆ ಕಾಯುತ್ತೇನೆ ಎಂದು ಮೆಟ್ಟಿಲ ಹತ್ತಿರ ಹೋಗಿ ಕೂತ.

ಮಗಳನ್ನು ಮಧ್ಯೆ ಕೂರಿಸಿದೆ. ಅತ್ತೆ ಅವಳ ಪಕ್ಕ. ಅದೇ ವೀಡಿಯೊ.

"ಬೇಡ, ಇನ್ನೂ ಬೀಳ್ತಾಳೆ" ಎಂದೆ ನಾನು, ಪರದೆಯೊಳಗಿಂದ.

"ಬೀಳಲ್ಲ ಬಿಡು." ಕತ್ತಿನ ಹಿಂದೆ, ಒಂದು ಮೊಳ ದೂರದಲ್ಲಿ.

ನಾನು ಅಂದುಕೊಂಡಿದ್ದಕ್ಕಿಂತ ತೆಳುವಾಗಿತ್ತು. ಸ್ವಲ್ಪ ಒಡೆದಿತ್ತು, ನೆಗಡಿಯಾದವನ ಹಾಗೆ. ಹೌದು, ಆ ವಾರ ಅವನಿಗೆ ನೆಗಡಿಯಾಗಿತ್ತು. ಅತ್ತೆ ಸರ್ರನೆ ಹಿಂದೆ ತಿರುಗಿದರು. ನಾನು ತಿರುಗಲಿಲ್ಲ.

"ನೀನು ಹಿಡ್ಕೊಳ್ತೀಯಾ?"

"ಇಲ್ಲ, ಉರುಳಿ ಹೋಗ್ಲಿ ಅಂತ ಬಿಡ್ತೀನಿ. ಹಿಡ್ಕೊಳ್ತೀನಮ್ಮ, ನೀನು ಕೈ ಬಿಡು."

ಪರದೆಯೊಳಗೆ ನಾನು ನಕ್ಕೆ. "ಹಾಗಾದ್ರೆ ಬಿಟ್ಟೆ ನೋಡು."

"ಬಾ, ಬಂಗಾರ. ಬಾ ಬಾ. ನನ್ನ ಹತ್ರ ಬಾ."

ಪರದೆಯ ಮೇಲಿನ ಮಗು ಹೆಜ್ಜೆ ಇಟ್ಟಿತು. ನನ್ನ ಪಕ್ಕದ ಮಗಳು ಸೋಫಾದಿಂದ ಜಾರಿ ಇಳಿದಳು. ಸೋಫಾದ ಸುತ್ತ ನಡೆದು ಹಿಂದೆ ಹೋದಳು. ಅವಳ ಬರಿಗಾಲಿನ ಸದ್ದು ಗೋಡೆಯ ಹತ್ತಿರ ನಿಂತಿತು.

ವೀಡಿಯೊ ಮುಗಿಯಿತು.

"ಅಪ್ಪ" ಎಂದಳು, ಗೋಡೆಗೆ. "ಬಂದೆ."

ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ಹಿಡಿತ ಬಿಗಿಯಾಗಿತ್ತು.

"ಅಪ್ಪ, ಇನ್ನೊಂದ್ಸಲ ಹೇಳು."

ರಿಮೋಟ್ ನನ್ನ ಕೈಯಲ್ಲಿತ್ತು. "ಸಾಕು ಕಣಮ್ಮ, ಮಗೂನ ಕರ್ಕೊಂಡು ಬಾ" ಎಂದರು ಅತ್ತೆ. ನಾನು ಗುಂಡಿ ಒತ್ತಿ ವೀಡಿಯೊವನ್ನು ಸ್ವಲ್ಪ ಹಿಂದಕ್ಕೆ ಓಡಿಸಿದೆ.

"ಬಾ, ಬಂಗಾರ. ಬಾ ಬಾ. ನನ್ನ ಹತ್ರ ಬಾ."

"ಬಂದೆ. ಇನ್ನೊಂದ್ಸಲ."

ಮತ್ತೆ ಒತ್ತಿದೆ.