ಗೆನೊವೇಫಾ ಬಾಚಿದ ತೋಪು

ಇದೆಂಥ ಅನ್ಯಾಯ! ಒಂದೇ ದಿನ, ಒಂದೇ ಗಾಡಿಯಿಂದ ಇಳಿಸಿಕೊಂಡ ಪೈನ್ ಸಸಿಗಳು. ಕಾಲುವೆಯಾಚೆ ನೆರೆಯವ ಜೆನೋನನ ತೋಪಿನಲ್ಲಿ ಮರಗಳು ಸೊಂಟದ ಗಾತ್ರವಾಗಿವೆ. ಈಚೆ ಗೆನೊವೇಫಾಳ ತೋಪಿನಲ್ಲಿ ಮೂವತ್ತು ವರ್ಷವಾದರೂ ತೋಳಿನ ಗಾತ್ರ ದಾಟಿಲ್ಲ. ಮಗಳು ಉರ್ಶುಲಾ ಹುಟ್ಟಿದ ವರ್ಷ, ಮುಂದೆ ಅವಳ ಮನೆಯ ಜಂತೆಗೆ ಆಗಲೆಂದು ಗಂಡ ನೆಟ್ಟು ಹೋದ ಮರಗಳು. ಈಗ ಉರ್ಶುಲಾ ಮನೆ ಕಟ್ಟಿಸಲು ಹೊರಟಿದ್ದಾಳೆ, ಜಂತೆಗೆ ಒಂದು ಮರವಿಲ್ಲ.

ಗೆನೊವೇಫಾಳಿಗೆ ಮೈಯೆಲ್ಲ ಉರಿಯಿತು. ಒಳ್ಳೆಯ ಸಸಿಗಳನ್ನೆಲ್ಲ ಜೆನೋನನೇ ಆರಿಸಿಕೊಂಡನೆಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೆದುರು ಅವನನ್ನು ಜಾಡಿಸಿದಳು. ಅವನು ಟೋಪಿ ಸರಿಮಾಡಿಕೊಂಡು ಮನೆಗೆ ಹೋದ.

ಮರುದಿನ ಅರಣ್ಯ ಇಲಾಖೆಯ ಹಲೀನಾಳನ್ನು ಕರೆಸಿದಳು. ಹಲೀನಾ ಸಲಿಕೆ ಹಿಡಿದು ಮೊದಲು ಜೆನೋನನ ಕಡೆ ಅಗೆದಳು. ಅರ್ಧ ಕೊಳೆತ ಸೂಜಿ ಎಲೆ, ಅದರಡಿ ತಂಪಾದ ಕಪ್ಪು ಮಣ್ಣು, ಅದರ ತುಂಬ ಬೇರು. ಈಚೆ ಅಗೆದರೆ ಬರೀ ಬೂದು ಮರಳು.

"ನಮ್ ತೋಪು ನೋಡು, ಒಂದು ಕಸ ಇಲ್ಲ," ಎಂದಳು ಗೆನೊವೇಫಾ. "ಆ ಸೋಮಾರಿ ಜೆನೋನ್ ಉದುರಿದ ಎಲೆನ ಒಂದು ಸಲನೂ ಬಾಚಿಲ್ಲ."

"ಬಾಚಿದ್ದನ್ನ ಏನ್ ಮಾಡ್ತೀರಮ್ಮ?"

"ಏನ್ ಮಾಡ್ತಾರೆ? ಹಸುಗಳ ಕಾಲಡಿಗೆ ಹಾಸ್ತೀನಿ. ಆಮೇಲೆ ಗೊಬ್ಬರ ಆಲೂಗಡ್ಡೆಗೆ."

"ಹಾಗಾದ್ರೆ ಮರದ ಊಟನ ಆಲೂಗಡ್ಡೆ ತಿಂತಿದೆ. ಈ ಮರಳಲ್ಲಿ ಬೇರೆ ಏನಿದೆ ಹೇಳಿ? ಉದುರಿದ ಎಲೆ ಅಲ್ಲೇ ಕೊಳೆತು ಬೇರಿಗೆ ಸೇರ್ಬೇಕು. ನೀವು ವರ್ಷಾವರ್ಷ ತಟ್ಟೇನೇ ಎತ್ಕೊಂಡು ಹೋಗಿದ್ದೀರಿ."

ಗೆನೊವೇಫಾ ಕುಕ್ಕರಿಸಿ ಆ ಮರಳನ್ನು ಮುಟ್ಟಿ ನೋಡಿದಳು. ಸಿಟ್ಟು ಮತ್ತೆ ಏರಿತು. "ಮೂವತ್ತು ವರ್ಷ ನಾನು ಬಾಚೋದನ್ನ ಊರೆಲ್ಲ ನೋಡ್ತು. ಒಬ್ರಿಗಾದ್ರೂ ಬಾಯಿ ಇರ್ಲಿಲ್ವಾ?"

ಕಾಲುವೆಯಾಚೆಯಿಂದ ಜೆನೋನ್ ಮೆಲ್ಲಗೆ ಹೇಳಿದ: "ನಾನು ಹೇಳಿದ್ದೆ. ಸೋಮಾರಿ ಮಾತು ಯಾರು ಕೇಳ್ತಾರೆ ಅಂದ್ರಿ."

ಉರ್ಶುಲಾಳ ಮನೆಗೆ ಜಂತೆಗಳು ಹೊರಗಿನಿಂದ ಬಂದವು. ಆ ಶರತ್ಕಾಲದಲ್ಲಿ ಹಸುಗಳ ಕಾಲಡಿಗೆ ಎಲೆಯ ಬದಲು ರೈ ಧಾನ್ಯದ ಒಣಹುಲ್ಲು ಬಿತ್ತು. ಪಕ್ಕದ ಮನೆಯವರು ಹಲುಬೆ ಹಿಡಿದು ಎಲೆ ಬಾಚಿಕೊಳ್ಳಲು ಬಂದಾಗ ಗೆನೊವೇಫಾ ತೋಪಿಗೆ ಅಡ್ಡ ನಿಂತು, ಅವರನ್ನು ಅಲ್ಲೇ ಕೂರಿಸಿ ಎಲ್ಲ ಹೇಳಿ ಕಳಿಸಿದಳು. ಮೊಮ್ಮಕ್ಕಳ ಕಾಲಕ್ಕಾದರೂ ಆ ಮರಗಳು ದಪ್ಪವಾಗಬೇಕು.

ನಿಮ್ಮದೂ ಬಡ ನೆಲದ ತೋಪೇ? ಇವತ್ತೇ ಒಂದು ಗೇಣು ಅಗೆದು ನೋಡಿ. ಅಂಗಳ ಎಷ್ಟು ಬೇಕಾದರೂ ಗುಡಿಸಿ. ಮರದ ಕೆಳಗೆ ಬಿದ್ದದ್ದು ಮರದ್ದು, ಅದನ್ನು ಅಲ್ಲೇ ಬಿಡಿ. ಪಕ್ಕದವರು ಬಾಚುತ್ತಿದ್ದರೆ ಬಾಯಿ ಬಿಟ್ಟು ಹೇಳಿ. ಅವರು ಕೇಳದಿದ್ದರೆ ಇನ್ನೊಮ್ಮೆ ಹೇಳಿ.