ಮೈ ಬಣ್ಣ

ಹಾಲಿನ ಕ್ಯಾನನ್ನು ಸ್ಟುಡಿಯೋ ಬಾಗಿಲ ಹೊರಗೇ ಇಟ್ಟು ಮುತ್ಯಾಲಮ್ಮ ಒಳಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನೆನ್ನೆ ಗಂಡಿನ ಕಡೆಯೋರು ಬಂದಿದ್ರು ಸಾ. ಉಪ್ಪಿಟ್ಟು ತಿಂದ್ರು, ಕಾಪಿ ಕುಡುದ್ರು. ಆಮೇಲೆ ಹುಡುಗನ ತಾಯಿ ಫೋನ್ ತೆಗ್ದು ನೀವು ಕೊಟ್ಟ ಫೋಟೋ ತೋರ್ಸಿ, ‘ಈ ಹುಡುಗೀನ ಕರೀರಿ, ಇವಳು ಅಕ್ಕಾನಾ?’ ಅಂದ್ಳು. ನನ್ ಮಗಳ ಎದುರುಗೇ.”

ಆದಿನಾರಾಯಣ ಮೇಷ್ಟ್ರ ಕೈ ಮೌಸಿನ ಮೇಲೆಯೇ ನಿಂತಿತು.

ಬಂಗಾರಪೇಟೆಯಲ್ಲಿ ಸ್ಟುಡಿಯೋ ಇಟ್ಟು ವರ್ಷಗಳಾದರೂ ಜನರ ಬಾಯಲ್ಲಿ ಅವರಿನ್ನೂ ಮೇಷ್ಟ್ರೇ. ಮೊದಲು ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ಗಣಿ ಮುಚ್ಚಿದ ಮೇಲೆ ಕಾರ್ಮಿಕರ ಲೈನ್ ಮನೆಗಳು ಒಂದೊಂದೇ ಖಾಲಿಯಾದವು, ಮಕ್ಕಳು ಕಡಿಮೆಯಾದರು, ಕೊನೆಗೆ ಡ್ರಾಯಿಂಗ್ ಪೀರಿಯಡ್ಡೇ ಹೋಯಿತು. ಮೇಷ್ಟ್ರು ರೈಲಿನಲ್ಲಿ ಬೆಂಗಳೂರಿಗೆ ಓಡಾಡಿ ಡಿಜಿಟಲ್ ಫೋಟೋಗ್ರಫಿ ಕಲಿತು ಬಂದರು.

ಮುತ್ಯಾಲಮ್ಮನ ಮಗಳು ನವ್ಯ ಆ ಶಾಲೆಯ ಹುಡುಗಿ. ಬಣ್ಣದ ಡಬ್ಬಿಯಲ್ಲಿದ್ದ ತಿಳಿಗುಲಾಬಿ ಕಡ್ಡಿಯನ್ನು ಮಕ್ಕಳೆಲ್ಲ ‘ಮೈ ಬಣ್ಣ’ ಎನ್ನುತ್ತಿದ್ದರು. “ಇದು ಯಾರ ಮೈ ಸಾರ್?” ಎಂದು ಒಮ್ಮೆ ಅವಳೇ ಕೇಳಿದ್ದಳು. ಅಂದು ಮೇಷ್ಟ್ರು ಆ ಕಡ್ಡಿಗಳನ್ನೆಲ್ಲ ಎತ್ತಿಟ್ಟು, ಪ್ರತಿಯೊಬ್ಬರೂ ತಮ್ಮ ಕೈಯನ್ನು ಕಾಗದದ ಪಕ್ಕ ಇಟ್ಟುಕೊಂಡು ಬಣ್ಣ ಬೆರೆಸುವಂತೆ ಮಾಡಿದ್ದರು. ಕಂದು, ಕೆಂಪು, ಒಂದಿಷ್ಟು ಹಳದಿ. ಬೆಂಚುಗಳ ನಡುವೆ ಓಡಾಡುತ್ತ “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಎನ್ನುತ್ತಿದ್ದರು. ಮೊದಲು ಸರಿ ಹೊಂದಿಸಿದವಳು ನವ್ಯ.

ಅದೇ ಹುಡುಗಿಯ ಮುಖವನ್ನು ಈಗ ಅವರು ಬೆಳ್ಳಗೆ ಮಾಡಿದ್ದರು. ಯಾರೂ ಕೇಳಿರಲಿಲ್ಲ. ಹುಡುಗಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದರು.

“ತಪ್ಪಾಯ್ತಮ್ಮ,” ಎಂದರು.

“ನನಗೆ ಯಾಕೇಳ್ತೀರ? ಶುಕ್ರವಾರ ಮಾಲೂರಿನೋರು ಬತ್ತಾರೆ. ನಾನಿರೋ ಹಂಗೆ ಫೋಟೋ ಕಳ್ಸು, ಇಲ್ದಿದ್ರೆ ಯಾರ್ ಮುಂದೇನೂ ಕೂರಲ್ಲ ಅಂತಾವಳೆ. ರಾತ್ರಿ ಊಟಾನೂ ಮಾಡಿಲ್ಲ.”

ಮರುದಿನ ಮೇಷ್ಟ್ರು ಕ್ಯಾಮೆರಾ ಹಿಡಿದು ಅವರ ಹಳ್ಳಿಗೆ ಹೋದರು. ನವ್ಯ ಕೊಟ್ಟಿಗೆಯಲ್ಲಿ ಹಸುವಿಗೆ ನೀರು ಇಡುತ್ತಿದ್ದಳು.

“ಬನ್ನಿ ಸಾರ್. ಈ ಸಲ ಯಾವ ಅಕ್ಕನ ಫೋಟೋ ತೆಗೀತೀರ?”

ಮೇಷ್ಟ್ರಿಗೆ ನಗಲೂ ಆಗಲಿಲ್ಲ. “ಈ ಸಲ ಏನೂ ಮುಟ್ಟಲ್ಲಮ್ಮ, ಆಣೆ.”

ಅವಳು ಕೈ ಒರೆಸಿಕೊಂಡು ಸುಣ್ಣದ ಗೋಡೆಯ ಮುಂದೆ, ಬಿಸಿಲಿನಲ್ಲಿ ನಿಂತಳು. ಪೌಡರ್ ಹಾಕಿಕೊಳ್ಳೇ ಎಂದ ತಾಯಿಯನ್ನು ಒಮ್ಮೆ ನೋಡಿದಳು, ಅಷ್ಟೇ.

ಸಂಜೆ ಫೋಟೋದ ಪ್ರಿಂಟ್ ಒಯ್ಯಲು ಅವಳೇ ಸ್ಟುಡಿಯೋಗೆ ಬಂದಳು. ಗಾಜಿನ ಶೋಕೇಸಿನಲ್ಲಿದ್ದ ಮದುವಣಗಿತ್ತಿಯರ ಫೋಟೋಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಎಲ್ಲರದೂ ಒಂದೇ ಬಣ್ಣ. ಆಮೇಲೆ ಪ್ರಿಂಟನ್ನು ಟೇಬಲ್ ಮೇಲಿಟ್ಟು ಪಕ್ಕದಲ್ಲಿ ತನ್ನ ಮುಂಗೈ ಇಟ್ಟಳು.

“ಸಾರ್, ಇದೂ ನಾನಲ್ಲ.”

“ಇಲ್ಲಮ್ಮ, ನಾನು ಏನೂ...” ಎನ್ನುತ್ತಲೇ ಮೇಷ್ಟ್ರಿಗೆ ನೆನಪಾಯಿತು. ಫೋಟೋ ಕಂಪ್ಯೂಟರಿಗೆ ಇಳಿಯುವಾಗಲೇ ಪ್ರತಿ ಮುಖವೂ ತಾನಾಗಿ ಬೆಳ್ಳಗಾಗುವಂತೆ ಯಾವುದೋ ಮದುವೆ ಸೀಸನ್ನಿನಲ್ಲಿ ಅವರೇ ಸೆಟ್ ಮಾಡಿಟ್ಟಿದ್ದರು. ಅದನ್ನು ಮರೆತಿದ್ದರು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಇನ್ನೊಂದು: ಪ್ರಿಂಟ್ ಹೊರಬಂದಾಗ ಅವರ ಕಣ್ಣಿಗೆ ಅದು ಸರಿಯಾಗಿಯೇ ಕಂಡಿತ್ತು.

ಸೆಟ್ಟಿಂಗನ್ನು ತೆಗೆದುಹಾಕಿದರು. ಆದರೆ ಸರಿಯಾಯಿತು ಎನ್ನುವ ಧೈರ್ಯ ಬರಲಿಲ್ಲ. ಕುರ್ಚಿಯನ್ನು ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟರು.

“ಕೈ ಇಲ್ಲಿಡಮ್ಮ, ಸ್ಕ್ರೀನ್ ಪಕ್ಕ. ನನಗೆ ಈಗ ಗೊತ್ತಾಗಲ್ಲ. ನೀನೇ ಹೇಳು.”

ನವ್ಯ ಕೈ ಇಟ್ಟಳು. ಬೆರಳಲ್ಲಿ ಇನ್ನೂ ಹಸುವಿನ ಹಿಂಡಿಯ ವಾಸನೆಯಿತ್ತು. ಮೇಷ್ಟ್ರು ಮೌಸನ್ನು ಮೆಲ್ಲಗೆ ಎಳೆದು ಮುಖದ ಬಣ್ಣವನ್ನು ಒಂದಿಷ್ಟು ಗಾಢ ಮಾಡಿ, ತಲೆ ಎತ್ತದೆ ಕಾದರು.

“ಇನ್ನೂ ಸ್ವಲ್ಪ, ಸಾರ್,” ಎಂದಳು.